ಕೌನ್ಸೆಲಿಂಗ್ ಮುಗಿಸಿ ಬಂದ ದಿನ ಮಗ ಮಾತೇ ಬಿಡುತ್ತಾನೆ ಎಂದಿದ್ದೀರಲ್ಲ, ಅದಕ್ಕೆ

ಅವನದು ಹಟ ಅಲ್ಲ, ಅಲ್ಲಿ ಅವನನ್ನು ತಿದ್ದಲು ಹೊರಟಿರುವುದೇ ಕಾರಣ ಇರಬೇಕು. ಆಟಿಸಂ ಇರುವ ಹದಿನೈದರ ಹುಡುಗನಿಗೆ ವಾರ ವಾರವೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಹುಡುಗರನ್ನು ಇಷ್ಟಪಡುವುದು ಬಿಡು ಎಂದರೆ ಇನ್ನೇನಾಗುತ್ತದೆ? ನನ್ನ ಮಗಳೂ ಹೀಗೇ ಮಾತು ನಿಲ್ಲಿಸಿದ್ದಳು.

ಮೊದಲು ಆ ಸೆಷನ್ ನಿಲ್ಲಿಸಿ. ನಿನ್ನ ತಪ್ಪಲ್ಲ ಕಣೋ ಅಂತ ಅವನಿಗೆ ಹೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆದರೂ ಸಾಕು. ಆಮೇಲೆ ಮಂಡ್ಯದಿಂದ ಮೈಸೂರಿಗೆ ಬನ್ನಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ. ಎಲ್ಲಿ ಹೋದರೂ, ಅವನನ್ನು ಒಳಗೆ ಕಳಿಸುವ ಮುಂಚೆ ನೀವೇ ಕೇಳಿ: ಅವನ ಇಷ್ಟವನ್ನು ಬದಲಿಸಲು ನೋಡುತ್ತೀರಾ? ನೋಡೋಣ ಎಂದರೆ ಎದ್ದು ಬನ್ನಿ. ಡಾಕ್ಟರು ಹಾಗೆ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ತೀರಾ ಕುಗ್ಗಿದ್ದರೆ ಕಾಯಬೇಡಿ, ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.