ಟಿಯರ್ಸ್ ಆಫ್ ದ ಕಿಂಗ್‌ಡಮ್ ಆಟದಲ್ಲಿ ಡ್ರ್ಯಾಗನ್‌ಗಳು ಎಲ್ಲಿ ಸಿಗುತ್ತವೆ, ಅವುಗಳ ಮೇಲೆ ಹತ್ತುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಜೆಲ್ಡಾ ಟಿಯರ್ಸ್ ಆಫ್ ದ ಕಿಂಗ್‌ಡಮ್ ಆಡುವಾಗ ಆಕಾಶದಲ್ಲಿ ಡ್ರ್ಯಾಗನ್ ಕಾಣಿಸುತ್ತದೆ, ಹತ್ತಿರ ಹೋಗುವಷ್ಟರಲ್ಲಿ ಮುಂದೆ ಹೋಗಿಬಿಡುತ್ತದೆ, ಮೂರು ಸಲ ಹಾರಿ ಮೂರು ಸಲವೂ ಬಿದ್ದು ಸತ್ತೆ ಅಂತ ಬರೆದಿದ್ದೀರಿ. ಅದರ ಮೇಲೆ ಕೂತು ನಮಗೆ ಬೇಕಾದ ಕಡೆ ಹೋಗಬಹುದಾ ಅಂತಲೂ ಕೇಳಿದ್ದೀರಿ. ನಾನು ಸತ್ತಿದ್ದು ಮೂರಲ್ಲ, ಏಳೆಂಟು ಸಲ. ಹಾಗಾಗಿ ಉತ್ತರ ಹೇಳುವ ಯೋಗ್ಯತೆ ಸ್ವಲ್ಪ ಇದೆ ಅಂದುಕೊಳ್ಳುತ್ತೇನೆ.

ಮೊದಲು ಎರಡನೇ ಪ್ರಶ್ನೆ ಮುಗಿಸಿಬಿಡುತ್ತೇನೆ. ಹತ್ತಬಹುದು. ಬೇಕಾದ ಕಡೆ ತಿರುಗಿಸಲು ಆಗಲ್ಲ. ಲಗಾಮಿಲ್ಲ, ಜೀನು ಇಲ್ಲ. ನಾವು ಆಡಿಸುವ ನಾಯಕ ಲಿಂಕ್ ಅದರ ಮೇಲೆ ಕೂರುವುದೂ ಇಲ್ಲ, ಸುಮ್ನೆ ಬೆನ್ನ ಮೇಲೆ ನಿಂತಿರುತ್ತಾನೆ. ಅದು ತನ್ನ ದಾರಿಯಲ್ಲಿ ತಾನು ಹೋಗುತ್ತದೆ, ನೀವಿದ್ದೀರಿ ಅನ್ನುವ ಪರಿವೆಯೂ ಅದಕ್ಕಿಲ್ಲ. ಮೇಲೆ ಬಂದು ಕೂತ ಗುಬ್ಬಿಯನ್ನು ಎಮ್ಮೆ ಎಷ್ಟು ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೋ ಅಷ್ಟೇ. ಸ್ಕೈರಿಮ್ ಆಡಿದವರು ಅಲ್ಲಿ ಡ್ರ್ಯಾಗನ್ ಮೇಲೆ ಸವಾರಿ ಮಾಡಿದ್ದನ್ನು ಹೇಳಿರಬಹುದು. ಅಲ್ಲಿ 'ಡ್ರ್ಯಾಗನ್‌ಬಾರ್ನ್' ವಿಸ್ತರಣೆಯಲ್ಲಿ 'ಬೆಂಡ್ ವಿಲ್' ಅನ್ನುವ ಕೂಗಿನ ಮೂರೂ ಪದ ಕಲಿತರೆ ಡ್ರ್ಯಾಗನ್ ಪಳಗುತ್ತದೆ, ನೀವು ತೋರಿಸಿದವರ ಮೇಲೆ ಬೆಂಕಿ ಉಗುಳುತ್ತದೆ. ಆದರೆ ಅಲ್ಲೂ ಕುದುರೆಯ ಹಾಗೆ ಎಡಕ್ಕೆ ಬಲಕ್ಕೆ ತಿರುಗಿಸಲು ಆಗುವುದಿಲ್ಲ. ಇಲ್ಲಿ ಅಷ್ಟೂ ಇಲ್ಲ. ಇಲ್ಲಿ ನೀವು ಟಿಕೆಟ್ ಇಲ್ಲದ ಪ್ರಯಾಣಿಕ.

ಈ ಪ್ರಯಾಣಿಕ ಅನ್ನುವ ಮಾತು ತಲೆಯಲ್ಲಿ ಕೂತರೆ ಉಳಿದದ್ದು ಸುಲಭ. ನಾವೆಲ್ಲ ಮಾಡುವ ತಪ್ಪು ಒಂದೇ. ಡ್ರ್ಯಾಗನ್ ಕಂಡ ಕೂಡಲೇ ಅದರ ಹಿಂದೆ ಓಡುತ್ತೇವೆ. ಸ್ಟಾಪ್ ಬಿಟ್ಟು ಹೊರಟ ಬಸ್ಸಿನ ಹಿಂದೆ ಓಡಿದರೆ ಸಿಗುತ್ತದಾ? ಮುಂದಿನ ಸ್ಟಾಪಿಗೆ ಹೋಗಿ ನಿಲ್ಲಬೇಕು. ಇವಕ್ಕೂ ಗೊತ್ತಾದ ದಾರಿ ಇದೆ, ಸುತ್ತಿದ ದಾರಿಯನ್ನೇ ಮತ್ತೆ ಮತ್ತೆ ಸುತ್ತುತ್ತವೆ. 2017ರ ಬ್ರೆತ್ ಆಫ್ ದ ವೈಲ್ಡ್ ಆಟದಲ್ಲಿ ಇವು ದಿನದ ಇಂಥ ಹೊತ್ತಿಗೆ ಅಂತ ಬಂದು ಹೋಗುತ್ತಿದ್ದವು. ಬೆಳಗಿನ ಜಾವಕ್ಕೆ ಬೆಂಕಿ ಹಾಕಿ ಕೂತು ಕಾಯಬೇಕಿತ್ತು. ಬೆನ್ನ ಮೇಲೆ ನಿಲ್ಲುವ ಮಾತಂತೂ ಇರಲೇ ಇಲ್ಲ. 2023ರ ಮೇ 12ಕ್ಕೆ ಬಂದ ಈ ಆಟದಲ್ಲಿ ಅವು ಯಾವಾಗಲೂ ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. ಆಕಾಶದಲ್ಲಿ ಇಲ್ಲ ಅಂದರೆ ನೆಲದಡಿಯ ಡೆಪ್ತ್ಸ್‌ನಲ್ಲಿ. ನೆಲದಲ್ಲಿ ಬಾಯಿ ಬಿಟ್ಟುಕೊಂಡಿರುವ ಆ ದೊಡ್ಡ ಕ್ಯಾಸಮ್‌ಗಳಿವೆಯಲ್ಲ, ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏಳುತ್ತವೆ. ನಿಮಗೆ ಮಾಯವಾದಂತೆ ಕಂಡದ್ದು ಬಹುಶಃ ಇದೇ.

ಒಟ್ಟು ನಾಲ್ಕು ಡ್ರ್ಯಾಗನ್. ಡಿನ್ರಾಲ್ ಬೆಂಕಿಯದು, ಉತ್ತರದ ಕಡೆ, ಎಲ್ಡಿನ್ ಮತ್ತು ಅಕ್ಕಾಲಾ ಸುತ್ತ. ನೇಯ್ಡ್ರಾ ಹಿಮದ್ದು, ಪೂರ್ವದಲ್ಲಿ ಲನೇರು ಬೆಟ್ಟದ ಕಡೆ. ಫರೋಶ್ ಮಿಂಚಿನದು, ದಕ್ಷಿಣದಲ್ಲಿ ಫಾರೋನ್‌ನಿಂದ ಗೆರುಡೋ ಕಡೆಗೆ. ನಾಲ್ಕನೆಯದು ಲೈಟ್ ಡ್ರ್ಯಾಗನ್, ಬಿಳಿ ಮೈ, ಬಂಗಾರದ ಕೇಸರ. ಇದು ಮಾತ್ರ ನೆಲದಡಿಗೆ ಇಳಿಯುವುದೇ ಇಲ್ಲ, ಆಟದ ರಾಜ್ಯವಾದ ಇಡೀ ಹೈರೂಲ್ ಮೇಲೆ ಸುತ್ತುತ್ತಾ ಇರುತ್ತದೆ. ಮೊದಲ ಮೂರಕ್ಕೂ ಡಿನ್, ನೇರು, ಫರೋರ್ ಅನ್ನುವ ಮೂರು ದೇವತೆಗಳ ಹೆಸರಿನಿಂದಲೇ ಹೆಸರು ಬಂದಿದೆ. ನಾಲ್ಕನೆಯದರ ಹೆಸರು ಯಾಕೆ ಬೇರೆ ಥರ ಅನ್ನುವುದರಲ್ಲೇ ಕಥೆ ಇದೆ. ನೀವಿನ್ನೂ ಅಲ್ಲಿಗೆ ಬಂದಿಲ್ಲ ಅಂತ ನಿಮ್ಮ ಬರಹದಿಂದ ಗೊತ್ತಾಗುತ್ತದೆ, ಅದಕ್ಕೆ ನಾನು ಬಾಯಿ ಬಿಡುವುದಿಲ್ಲ. ಇಂಟರ್‌ನೆಟ್‌ನಲ್ಲಿ ಲೈಟ್ ಡ್ರ್ಯಾಗನ್ ಅಂತ ಹುಡುಕಲೂ ಬೇಡಿ, ಮೊದಲ ಸಾಲಿನಲ್ಲೇ ಹೇಳಿ ಕೆಡಿಸುತ್ತಾರೆ.

ಹತ್ತಲು ನಿಮ್ಮ ಬಸ್ ಸ್ಟಾಪ್ ಅಂದರೆ ಸ್ಕೈವ್ಯೂ ಟವರ್. ಒಟ್ಟು 15 ಇವೆ. ಡಿನ್ರಾಲ್‌ಗೆ ಅಕ್ಕಾಲಾದ ಉಲ್ರಿ ಮೌಂಟನ್ ಟವರ್, ನೇಯ್ಡ್ರಾಗೆ ಮೌಂಟ್ ಲನೇರು ಟವರ್, ಫರೋಶ್‌ಗೆ ಪಾಪ್ಲಾ ಫುಟ್‌ಹಿಲ್ಸ್ ಟವರ್. ಟವರ್ ನಿಮ್ಮನ್ನು ಆಕಾಶಕ್ಕೆ ಎಸೆಯುತ್ತದೆ. ಆ ತುದಿಯಲ್ಲಿ ಗಾಬರಿ ಬೇಡ. ಕೂಡಲೇ ಪ್ಯಾರಾಗ್ಲೈಡರ್ ಬಿಚ್ಚಿ, ನಿಂತಲ್ಲೇ ಒಂದು ಸುತ್ತು ಕಣ್ಣಾಡಿಸಿ. ಉದ್ದನೆಯ ಹಾವಿನಂಥ ಮೈ ದೂರದಿಂದಲೂ ಕಾಣುತ್ತದೆ. ಕಾಣದಿದ್ದರೆ ಅದು ನೆಲದಡಿಯಲ್ಲಿದೆ ಅಂತ ಅರ್ಥ. ಇಳಿದು ಬೇರೆ ಕೆಲಸ ನೋಡಿಕೊಂಡು ಆಮೇಲೆ ಬನ್ನಿ. ಕಂಡರೆ, ಸ್ಕೋಪ್ ತೆಗೆದು ಅದು ಹೋಗುತ್ತಿರುವ ದಾರಿಯಲ್ಲಿ ಮುಂದೆ ಒಂದು ಪಿನ್ ಹಾಕಿ. ಡ್ರ್ಯಾಗನ್ ಮೇಲಲ್ಲ, ಅದರ ಮುಂದೆ. ಆ ಪಿನ್ ಕಡೆಗೆ ಹಾರಿ.

ಈಗ ಇಳಿಯುವುದು. ಇಲ್ಲೇ ನಾನು ಜಾಸ್ತಿ ಸತ್ತಿದ್ದು.

ನಾನು ಪ್ರತಿಸಲವೂ ಡ್ರ್ಯಾಗನ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಪಕ್ಕದಿಂದ ಹೋಗುತ್ತಿದ್ದೆ. ಪ್ಯಾರಾಗ್ಲೈಡರ್ ಇಳಿಯುತ್ತಲೇ ಇರುತ್ತದೆ ಅಲ್ವಾ, ಹತ್ತಿರ ಬರುವಷ್ಟರಲ್ಲಿ ನಾನು ಅದರ ಹೊಟ್ಟೆಯ ಕೆಳಗೆ. ಅಲ್ಲಿಂದ ಸ್ಟ್ಯಾಮಿನಾ, ಅಂದರೆ ಲಿಂಕ್‌ನ ದಮ್ಮು, ಮುಗಿದು ಧೊಪ್. ಸರಿಯಾದ ಕ್ರಮ ಅಂದರೆ ಅದಕ್ಕಿಂತ ತುಂಬಾ ಮೇಲೆ ಇರಬೇಕು, ಸಾಧ್ಯವಾದಷ್ಟು ಎದುರಿನಿಂದ ಬರಬೇಕು. ತಲೆ ನಿಮ್ಮ ಕೆಳಗೆ ದಾಟಲು ಬಿಡಿ. ಆಮೇಲೆ ಬಿ ಒತ್ತಿ ಪ್ಯಾರಾಗ್ಲೈಡರ್ ಮುಚ್ಚಿ, ಆರ್ ಒತ್ತಿದರೆ ತಲೆ ಕೆಳಗಾಗಿ ಧುಮುಕುತ್ತಾನೆ, ಬೆನ್ನು ಹತ್ತಿರ ಬಂದಾಗ ಎಕ್ಸ್ ಒತ್ತಿ ಮತ್ತೆ ಬಿಚ್ಚಿ. ಅಷ್ಟು ಉದ್ದದ ಬೆನ್ನು, ಎಲ್ಲೋ ಒಂದು ಕಡೆ ಕಾಲು ಊರುತ್ತದೆ. ಇನ್ನೊಂದು ಒಳ್ಳೆಯ ವಿಷಯ ಇದೆ, ಇದು ನನಗೆ ತಡವಾಗಿ ಗೊತ್ತಾಯಿತು. ಡ್ರ್ಯಾಗನ್ ಸುತ್ತ ಮೇಲಕ್ಕೆ ಏಳುವ ಗಾಳಿ ಇರುತ್ತದೆ. ಸ್ವಲ್ಪ ಕೆಳಗಾದರೂ ಪ್ಯಾರಾಗ್ಲೈಡರ್ ಬಿಚ್ಚಿಯೇ ಇಟ್ಟರೆ ಆ ಗಾಳಿ ನಿಮ್ಮನ್ನು ಎತ್ತುತ್ತದೆ. ನಾನು ಗಾಬರಿಯಲ್ಲಿ ಮುಚ್ಚಿಬಿಡುತ್ತಿದ್ದೆ. ರಿಟೋ ಹಳ್ಳಿಯ ವಿಂಡ್ ಟೆಂಪಲ್ ಮುಗಿಸಿದ್ದರೆ ಟೂಲಿನ್ ಅನ್ನುವ ಹಕ್ಕಿ ಹುಡುಗ ಜೊತೆಗಿರುತ್ತಾನೆ, ಅವನು ಊದುವ ಗಾಳಿಯೂ ಮುಂದಕ್ಕೆ ತಳ್ಳುತ್ತದೆ. ಅದನ್ನು ಮುಗಿಸದೆ ಡ್ರ್ಯಾಗನ್ ಹಿಂದೆ ಹೋಗಬೇಡಿ ಅಂತಲೇ ಹೇಳುತ್ತೇನೆ.

ಮೈಗೆ ಏನು ಹಾಕಿಕೊಂಡಿದ್ದೀರಿ ಅನ್ನುವುದೂ ಮುಖ್ಯ. ಡಿನ್ರಾಲ್ ಹತ್ತಿರ ಬೆಂಕಿ ತಡೆಯುವ ಬಟ್ಟೆಯೋ ಮದ್ದೋ ಇಲ್ಲದೆ ಹೋದರೆ ಹತ್ತಿಕೊಂಡು ಉರಿಯುತ್ತೀರಿ. ನೇಯ್ಡ್ರಾಗೆ ಚಳಿ ತಡೆ ಬೇಕು, ರಿಟೋ ಹಳ್ಳಿಯ ಸ್ನೋಕ್ವಿಲ್ ಬಟ್ಟೆ ಒಳ್ಳೆಯದು. ಫರೋಶ್ ಸುತ್ತ ಮಿಂಚಿನ ಉಂಡೆಗಳು ತೇಲುತ್ತಿರುತ್ತವೆ, ಅವನ್ನು ತಪ್ಪಿಸಿಕೊಂಡು ಇಳಿಯಬೇಕು. ಲೈಟ್ ಡ್ರ್ಯಾಗನ್ ಏನೂ ಮಾಡಲ್ಲ, ಪಾಪ.

ಹತ್ತಿದ ಮೇಲೆ ಮಾಡುವುದೇನು? ಬೆನ್ನ ಮೇಲೆ ಸಾಲಾಗಿ ಮುಳ್ಳುಗಳಿವೆ, ಅವುಗಳಲ್ಲಿ ಹೊಳೆಯುವುದರ ಚೂರು ನಿಮಗೆ ಸಿಗುತ್ತದೆ. ಬೇರೆ ಭಾಗಗಳಿಗೆ ಬಾಣ ಬಿಟ್ಟರೆ ಅಥವಾ ಕತ್ತಿಯಿಂದ ಹೊಡೆದರೆ ಹೊಡೆದ ಜಾಗಕ್ಕೆ ತಕ್ಕಂತೆ ಕೊಂಬು, ಹಲ್ಲು, ಉಗುರು, ಹುರುಪೆ. ಒಂದು ಸಲ ಕೊಟ್ಟ ಮೇಲೆ ಮತ್ತೆ ಕೊಡಲು 10 ನಿಮಿಷ ಬೇಕು. ಆಟದ ಗಡಿಯಾರದಲ್ಲಿ ಅಲ್ಲ, ನಮ್ಮ ಮನೆಯ ಗೋಡೆ ಗಡಿಯಾರದಲ್ಲಿ. ನಾನು ಆ ಹೊತ್ತಿನಲ್ಲಿ ಎದ್ದು ಕಾಫಿ ಮಾಡಿಕೊಂಡು ಬರುತ್ತೇನೆ. ಬಿದ್ದು ಹೋಗುವ ಭಯ ಬೇಡ, ಅಂಚಿಗೆ ಹೋಗದೆ ನಟ್ಟನಡುವೆ ನಿಂತರೆ ಸಾಕು. ಕೊಂಬು ಸಿಕ್ಕರೆ ಸುಮ್ನೆ ಮಾರಬೇಡಿ. ಅಡುಗೆಗೆ ಒಂದು ಹಾಕಿದರೆ ಆ ಅಡುಗೆಯ ಪರಿಣಾಮ 30 ನಿಮಿಷ ಇರುತ್ತದೆ. ಉಗುರು ಮೂರು ಡ್ರ್ಯಾಗನ್‌ದೂ ಒಂದೊಂದು ಇಟ್ಟುಕೊಂಡಿರಿ. ಫರ್ಗಾಟನ್ ಟೆಂಪಲ್‌ನಲ್ಲಿರುವ ದೊಡ್ಡ ದೇವತೆಯ ವಿಗ್ರಹ ಮುಂದೊಂದು ದಿನ ಕೇಳುತ್ತದೆ. ಮೂರು ಬುಗ್ಗೆಗಳಲ್ಲಿ ಅರ್ಪಿಸಿದರೆ ಒಂದು ಒಳ್ಳೆಯ ಕತ್ತಿ ಕೊಡುತ್ತದೆ.

ಮೊದಲ ಮೂರರಲ್ಲಿ ಯಾವುದಾದರೂ ಕ್ಯಾಸಮ್ ಕಡೆ ತಲೆ ತಿರುಗಿಸಿದಾಗ ಹಾರಿ ಇಳಿಯಬೇಡಿ, ಒಂದು ಸಲವಾದರೂ ಜೊತೆಗೇ ಹೋಗಿ. ಹಗಲ ಬೆಳಕಿನಿಂದ ನೇರ ಬಾವಿಯೊಳಗೆ ಇಳಿದ ಹಾಗೆ. ಸುತ್ತ ಏನೂ ಕಾಣದ ಕತ್ತಲು, ನಡುವೆ ಡ್ರ್ಯಾಗನ್ ಮೈ ಮಾತ್ರ ಹೊಳೆಯುತ್ತಿರುತ್ತದೆ. ಡೆಪ್ತ್ಸ್‌ನಲ್ಲಿ ನಾನು ಇನ್ನೂ ದೀಪ ಹಚ್ಚದ ಎಷ್ಟೋ ಜಾಗಗಳ ಮೇಲಿಂದ ಫರೋಶ್ ನನ್ನನ್ನು ಪುಕ್ಕಟೆಯಾಗಿ ಕರೆದುಕೊಂಡು ಹೋಯಿತು. ದೂರದಲ್ಲಿ ಲೈಟ್‌ರೂಟ್‌ಗಳು, ಅಂದರೆ ಅಲ್ಲಿ ಹಚ್ಚಬೇಕಾದ ದೀಪಗಳು, ಮಿಣಮಿಣ ಅನ್ನುವುದನ್ನು ನೋಡಿ ಒಂದೊಂದಕ್ಕೂ ಪಿನ್ ಹಾಕಿಕೊಂಡೆ. ನಾನು ನಡೆದು ಹುಡುಕಿದ್ದರೆ ಒಂದು ವಾರ ಹಿಡಿಯುತ್ತಿತ್ತು.

ಲೈಟ್ ಡ್ರ್ಯಾಗನ್ ಬಗ್ಗೆ ಬೇರೆಯಾಗಿ ಹೇಳಬೇಕು. ಅದು ಮೊದಮೊದಲು ತುಂಬಾ ಎತ್ತರದಲ್ಲಿರುತ್ತದೆ, ಟವರ್‌ನಿಂದ ಎಸೆಸಿಕೊಂಡರೂ ಎಟುಕದಷ್ಟು. ಎರಡು ದಾರಿ ಇವೆ. ಒಂದು, ಕೋರಾಕ್ ಕಾಡಿನ ಗ್ರೇಟ್ ಡೆಕು ಟ್ರೀ ಅನ್ನುವ ಮಾತಾಡುವ ಮರದ ಕೆಲಸ ಮುಗಿಸಿದರೆ ಅದು ಎಲ್ಲಿದೆ ಅಂತ ಮ್ಯಾಪ್‌ನಲ್ಲೇ ಗುರುತು ಬರುತ್ತದೆ. ಆ ಕಾಡಿಗೆ ಮಂಜಿನೊಳಗೆ ನಡೆದು ಹೋಗಲು ಆಗಲ್ಲ. ಡೆಪ್ತ್ಸ್‌ನಲ್ಲಿ ಅದರ ನೇರ ಕೆಳಗೆ ಹೋಗಿ ಅಸೆಂಡ್, ಅಂದರೆ ಚಾವಣಿಯೊಳಗಿಂದ ತೂರಿ ಏಳುವ ಶಕ್ತಿ, ಬಳಸಿ ಮೇಲೆ ಬರಬೇಕು. ಇನ್ನೊಂದು, ನ್ಯೂ ಸೆರೆನ್ ಸ್ಟೇಬಲ್ ಹತ್ತಿರ ಇಂಪಾ ಅನ್ನುವ ಅಜ್ಜಿಯ ಜೊತೆ ಶುರುವಾಗುವ, ನೆಲದ ಮೇಲಿನ ದೊಡ್ಡ ಚಿತ್ರಗಳಲ್ಲಿ ಕಣ್ಣೀರ ಹನಿ ಹುಡುಕುವ ಕೆಲಸ. ಎಲ್ಲ ಹನಿಗಳೂ ಮುಗಿದರೆ ಡ್ರ್ಯಾಗನ್ ಕೆಳಗೆ ಇಳಿದು ಹಾರುತ್ತದೆ. ನನ್ನ ಮಾತು ಕೇಳುವುದಾದರೆ ಹನಿಗಳನ್ನೇ ಮೊದಲು ಮಾಡಿ. ಹತ್ತುವುದು ಸುಲಭ ಅನ್ನುವುದು ಒಂದು ಕಾರಣ. ಅದರ ಬೆನ್ನ ಮೇಲೆ ನಿಂತಾಗ ಕೇಳುವ ಸಂಗೀತ ಬೇರೆಯಾಗಿ ಕೇಳಿಸುತ್ತದೆ ಅನ್ನುವುದು ಇನ್ನೊಂದು.

ನಾನು ಹಾಗೆ ಮಾಡಿರಲಿಲ್ಲ. ಅವಸರ. ಎರಡು ಫ್ಯಾನ್, ಒಂದು ಸ್ಟೀರಿಂಗ್ ಸ್ಟಿಕ್ ಸೇರಿಸಿ ಎಲ್ಲರೂ ಮಾಡುವ ಆ ಹಾರುವ ಬೈಕ್ ಮಾಡಿಕೊಂಡು, ಬ್ಯಾಟರಿ ಮುಗಿದಾಗಲೆಲ್ಲ ಯಾವುದೋ ತೇಲುವ ದ್ವೀಪದಲ್ಲಿ ನಿಂತು, ಕೊನೆಗೆ ಹೇಗೋ ಮೇಲೆ ಹೋಗಿ ಧುಮುಕಿದೆ. ರಾತ್ರಿ ಹನ್ನೊಂದೂವರೆ. ಮನೆಯಲ್ಲಿ ಕರೆಂಟ್ ಹೋಗಿತ್ತು, ಆಟ ಆಡುವ ನಿಂಟೆಂಡೊ ಸ್ವಿಚ್ ಯಂತ್ರ ಕೈಯಲ್ಲೇ ಇದ್ದದ್ದರಿಂದ ಆಟ ನಿಂತಿರಲಿಲ್ಲ. ಕತ್ತಲ ಕೋಣೆ, ಅಂಗೈಯಗಲದ ಪರದೆಯಲ್ಲಿ ಮೋಡದ ಮೇಲೆ ಬಂಗಾರದ ಕೇಸರ ಅಲೆಯುತ್ತಿದೆ. ಬಾಲದಿಂದ ತಲೆಯವರೆಗೆ ನಡೆದೆ. ಅದರ ಹಣೆಯಲ್ಲಿ ನಾಟಿಕೊಂಡಿರುವ ಮಾಸ್ಟರ್ ಸೋರ್ಡ್, ಲಿಂಕ್‌ನ ಹೆಸರಾಂತ ಕತ್ತಿ, ಕಂಡಿತು. ಹಿಡಿದು ಎಳೆದೆ. ಬರಲಿಲ್ಲ.

ಯಾಕೆ ಅಂದರೆ ಅದಕ್ಕೆ ಎರಡು ಪೂರ್ತಿ ಸ್ಟ್ಯಾಮಿನಾ ಚಕ್ರ ಬೇಕು. ಹಿಂದಿನ ಆಟದಲ್ಲಿ 13 ಹೃದಯ (ಜೀವದ ಅಳತೆ) ಬೇಕಿತ್ತು, ನಾನು ಅದೇ ಲೆಕ್ಕದಲ್ಲಿ ಸಿಕ್ಕಿದ್ದನ್ನೆಲ್ಲ ಹೃದಯಕ್ಕೆ ಸುರಿದಿದ್ದೆ. ಎರಡನೇ ಚಕ್ರ ತುಂಬಲು ಐದು ಭಾಗ, ಒಂದೊಂದಕ್ಕೆ ನಾಲ್ಕು ಲೈಟ್ ಆಫ್ ಬ್ಲೆಸಿಂಗ್ ಬೇಕು, ಒಗಟಿನ ಗುಡಿಯಾದ ಶ್ರೈನ್ ಒಂದು ಮುಗಿಸಿದರೆ ಅಂಥದ್ದೊಂದು ಸಿಗುತ್ತದೆ, ಅಂದರೆ 20 ಶ್ರೈನ್ ಮುಗಿಸಿರಬೇಕು. ಅಡುಗೆ ತಿಂದು ಬರುವ ಹಳದಿ ಸ್ಟ್ಯಾಮಿನಾ ಲೆಕ್ಕಕ್ಕಿಲ್ಲ, ಅದನ್ನೂ ತಿಂದು ನೋಡಿದೆ. ನೀವು ಈ ತಪ್ಪು ಮಾಡಿಯಾಗಿದ್ದರೆ ಚಿಂತೆ ಬೇಡ. ಲುಕ್‌ಔಟ್ ಲ್ಯಾಂಡಿಂಗ್ ಅನ್ನುವ ಊರಿನ ಅಡಿಯ ಸುರಂಗದಲ್ಲಿ ಕೊಂಬಿನ ವಿಗ್ರಹವೊಂದಿದೆ. ಅದು ಒಂದು ಹೃದಯ ತೆಗೆದುಕೊಂಡು 100 ರುಪಿ (ಆಟದ ಹಣ) ಕೊಡುತ್ತದೆ, ಆಮೇಲೆ 120 ರುಪಿ ಇಸಿದುಕೊಂಡು ಸ್ಟ್ಯಾಮಿನಾ ಕೊಡುತ್ತದೆ. ಒಂದೊಂದಕ್ಕೂ 20 ರುಪಿ ಲಾಭ ಹೊಡೆಯುವ ಆ ವಿಗ್ರಹವನ್ನು ನೋಡಿದಾಗಲೆಲ್ಲ ನಮ್ಮೂರ ಗಿರವಿ ಅಂಗಡಿ ನೆನಪಾಗುತ್ತದೆ.

ನಿಮ್ಮದು ಈಗ ಒಂದೇ ಚಕ್ರ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಲೈಟ್ ಡ್ರ್ಯಾಗನ್ ಸದ್ಯಕ್ಕೆ ಬಿಡಿ. ಫರೋಶ್‌ನಿಂದ ಶುರು ಮಾಡಿ, ಅದಕ್ಕೆ ಬಟ್ಟೆಯ ತಲೆನೋವು ಕಡಿಮೆ. ಪಾಪ್ಲಾ ಟವರ್ ಏರಿ ನೋಡಿ, ಕಂಡರೆ ಹೋಗಿ, ಕಾಣದಿದ್ದರೆ ಕೆಳಗೆ ಇಳಿದು ಹತ್ತಿರದ ಶ್ರೈನ್ ಒಂದೆರಡು ಮುಗಿಸಿಕೊಳ್ಳಿ. ಹೇಗೂ 20 ಬೇಕಲ್ಲ.