ಓದುಗರ ಪ್ರಶ್ನೆ: ಮೊದಲ ಸಲ ಸ್ಟಾಕ್ ಕಾರ್ ರೇಸ್‌ಗೆ ಹೊರಟವರಿಗೆ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಹಾಸನದ ಕಡೆಯವರು. ರಸ್ತೆ ಸಾರಿಗೆ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ನಮ್ಮ ತಂದೆಯವರು ಮೇ ತಿಂಗಳಲ್ಲಿ ಇಲ್ಲಿಗೆ ಬರುತ್ತಿದ್ದಾರೆ. ಒಂಬತ್ತು ವರ್ಷದ ಮಗನಿಗೂ ಕಾರುಗಳೆಂದರೆ ಪ್ರಾಣ. ಇಬ್ಬರನ್ನೂ ನಾರ್ತ್ ಕ್ಯಾರೊಲೈನಾದ ಷಾರ್ಲೆಟ್‌ನಲ್ಲಿ ನಡೆಯುವ 600 ಮೈಲಿಯ ನ್ಯಾಸ್ಕಾರ್ (ಅಮೆರಿಕದ ಸ್ಟಾಕ್ ಕಾರ್ ರೇಸ್‌ಗಳನ್ನು ನಡೆಸುವ ಸಂಸ್ಥೆ) ರೇಸ್‌ಗೆ ಕರೆದೊಯ್ಯಬೇಕೆಂದಿದ್ದೇವೆ. ನಮ್ಮಲ್ಲಿ ಯಾರೂ ಈವರೆಗೆ ರೇಸ್ ನೋಡಿದವರಲ್ಲ. ಕಾರುಗಳು ಹತ್ತಿರದಿಂದ ಕಾಣಲೆಂದು ಮುಂದಿನ ಸಾಲಿನ ಟಿಕೆಟ್ ತೆಗೆದುಕೊಳ್ಳಬೇಕೆ? ಭಾನುವಾರ ಒಂದು ದಿನ ಸಾಕೆ? ಸಸ್ಯಾಹಾರಿಗಳಾದ ನಮ್ಮ ಊಟಕ್ಕೆ ಏನು ಮಾಡುವುದು?

ಉತ್ತರ: ದಯವಿಟ್ಟು ಮುಂದಿನ ಸಾಲಿನ ಟಿಕೆಟ್ ಕೊಳ್ಳಬೇಡಿ. ಮೊದಲ ಸಲ ಹೋಗುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ, ನಾನೂ ಇದನ್ನೇ ಮಾಡಿದ್ದೆ. ತಂತಿಬೇಲಿಯ ಪಕ್ಕದಲ್ಲಿ ಕುಳಿತವರಿಗೆ ಕಾಣುವುದು ಬಣ್ಣಬಣ್ಣದ ಗೆರೆಯೊಂದು ಸರ್ರನೆ ಹಾದುಹೋಗುವುದಷ್ಟೇ. ಆ ಕಾರು ಎದುರು ಬದಿಗೆ ಹೋಗಿ ಏನು ಮಾಡಿತು, ಯಾರನ್ನು ಹಿಂದಿಕ್ಕಿತು ಎಂಬುದು ತಿಳಿಯುವುದೇ ಇಲ್ಲ. ಮೇಲಿನ ಸಾಲುಗಳಲ್ಲಿ ಕುಳಿತರೆ ಒಂದೂವರೆ ಮೈಲಿಯ, ಅಂದರೆ ಸುಮಾರು 2.4 ಕಿಲೋಮೀಟರ್ ಸುತ್ತಳತೆಯ ಇಡೀ ಟ್ರ್ಯಾಕ್ ಅಂಗೈ ಮೇಲೆ ಇಟ್ಟಂತೆ ಕಾಣುತ್ತದೆ. ತಂದೆಯವರು ಮೆಕ್ಯಾನಿಕ್ ಆಗಿದ್ದವರಾದ್ದರಿಂದ ಪಿಟ್‌ಗಳು, ಅಂದರೆ ರೇಸ್ ನಡುವೆ ಟೈರ್ ಬದಲಿಸಿ ಇಂಧನ ತುಂಬುವ ಜಾಗಗಳು, ಎದುರಿಗೆ ಬರುವಂತೆ ಮುಖ್ಯ ಸ್ಟ್ಯಾಂಡಿನಲ್ಲಿ ಆದಷ್ಟು ಎತ್ತರದ ಜಾಗ ಹಿಡಿಯಿರಿ. ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟವಾದರೆ ಲಿಫ್ಟ್ ಹತ್ತಿರದ ಆಸನಗಳು ಯಾವುವೆಂದು ಟಿಕೆಟ್ ಕಚೇರಿಗೆ ಫೋನ್ ಮಾಡಿ ಕೇಳಿ. ಮಕ್ಕಳಿಗೆ ದರದಲ್ಲಿ ಸಾಕಷ್ಟು ರಿಯಾಯಿತಿ ಇರುತ್ತದೆ, ಅದನ್ನೂ ಅದೇ ಫೋನಿನಲ್ಲಿ ವಿಚಾರಿಸಿಕೊಳ್ಳಿ.

ಪಿಟ್‌ನ ಕೆಲಸವನ್ನು ನಿಮ್ಮ ತಂದೆಯವರು ಕಣ್ಣು ಮಿಟುಕಿಸದೆ ನೋಡುತ್ತಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಪಿಟ್‌ನ ಗೋಡೆ ಹಾರಿ ಕಾರಿನ ಬಳಿ ಬರುವವರು ಐದೇ ಜನ: ಜಾಕ್ ಹಾಕುವವನೊಬ್ಬ, ಚಕ್ರ ಬಿಚ್ಚಿ ಕಟ್ಟುವವರಿಬ್ಬರು, ಟೈರ್ ಹೊತ್ತು ತರುವವನೊಬ್ಬ, ಇಂಧನ ತುಂಬುವವನೊಬ್ಬ. ಇಷ್ಟು ಜನ ಸೇರಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ನಾಲ್ಕೂ ಚಕ್ರಗಳನ್ನು ಬದಲಿಸಿ ಕಾರನ್ನು ಕಳುಹಿಸುತ್ತಾರೆ. ಮೊದಲು ಒಂದೊಂದು ಚಕ್ರಕ್ಕೆ ಐದು ನಟ್ ಇರುತ್ತಿದ್ದವು. 2022ರಲ್ಲಿ ಬಂದ ಹೊಸ ಕಾರಿನಲ್ಲಿ ನಡುವೆ ಒಂದೇ ದೊಡ್ಡ ನಟ್. ‘ಸ್ಟಾಕ್ ಕಾರ್’ ಎಂಬ ಹೆಸರು ಬಂದದ್ದು ಅಂಗಡಿಯಲ್ಲಿ ಮಾರುವ ಕಾರನ್ನೇ ರೇಸ್‌ಗೆ ಇಳಿಸುತ್ತಿದ್ದ ಕಾಲದಲ್ಲಿ. ಇಂದು ಹೊರಗಿನ ಮೈ ಕ್ಯಾಮ್ರಿ, ಮಸ್ಟಾಂಗ್‌ಗಳನ್ನು ಹೋಲುತ್ತದೆಯೇ ಹೊರತು ಒಳಗಿರುವುದೆಲ್ಲ ರೇಸ್‌ಗೆಂದೇ ಕಟ್ಟಿದ್ದು. ನ್ಯಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಅದರ ಮುಖ್ಯ ಸರಣಿಯ ಮೊದಲ ರೇಸ್ 1949ರ ಜೂನ್ 19ರಂದು ಇದೇ ಷಾರ್ಲೆಟ್‌ನ ಒಂದು ಮಣ್ಣಿನ ಟ್ರ್ಯಾಕಿನಲ್ಲಿ ನಡೆಯಿತು. ಅಂದು ಮೊದಲು ಗುರಿ ಮುಟ್ಟಿದ ಗ್ಲೆನ್ ಡನವೇ ಅವರ ಕಾರಿನ ಹಿಂದಿನ ಸ್ಪ್ರಿಂಗ್‌ಗಳನ್ನು, ಕಳ್ಳಭಟ್ಟಿ ಸಾಗಿಸುವವರು ಮಾಡುತ್ತಿದ್ದಂತೆ, ಬದಲಿಸಲಾಗಿದೆ ಎಂದು ತಪಾಸಣೆಯಲ್ಲಿ ತಿಳಿದು, ಗೆಲುವು ಜಿಮ್ ರೋಪರ್ ಅವರ ಪಾಲಾಯಿತು. ಈ ಪ್ರಸಂಗವನ್ನು ತಂದೆಯವರಿಗೆ ವಿಮಾನದಲ್ಲೇ ಹೇಳಿಬಿಡಿ; ಮುಂದಿನ ಮೂರು ದಿನ ಅವರೇ ನಿಮಗೆ ವಿವರಿಸುತ್ತಾ ಹೋಗುತ್ತಾರೆ.

ಒಂದು ದಿನ ಸಾಲದು. ಶುಕ್ರವಾರ ಸಂಜೆಯೊಳಗೆ ಷಾರ್ಲೆಟ್ ತಲುಪುವಂತೆ ವಿಮಾನದ ಟಿಕೆಟ್ ಮಾಡಿಸಿ, ವಿಮಾನ ನಿಲ್ದಾಣದಿಂದಲೇ ಬಾಡಿಗೆ ಕಾರು ತೆಗೆದುಕೊಳ್ಳಿ. ಟ್ರ್ಯಾಕ್ ಇರುವುದು ಷಾರ್ಲೆಟ್ ನಗರದೊಳಗಲ್ಲ, ಈಶಾನ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದ ಕಾನ್‌ಕಾರ್ಡ್‌ನಲ್ಲಿ. ಆ ವಾರಾಂತ್ಯ ಸುತ್ತಮುತ್ತಲಿನ ಹೋಟೆಲುಗಳ ಬಾಡಿಗೆ ಏರುವುದರಿಂದ ಕೊಠಡಿಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಶನಿವಾರ ಬೆಳಿಗ್ಗೆ ನಗರದ ನಡುವೆ ಇರುವ ನ್ಯಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಹೋಗಿ. ಅಲ್ಲಿನ ‘ಗ್ಲೋರಿ ರೋಡ್’ ಎಂಬ ಇಳಿಜಾರು ಹಾದಿಯಲ್ಲಿ ಹಳೆಯ ಕಾರುಗಳನ್ನು ನಿಲ್ಲಿಸಿದ್ದಾರೆ. ಸಮತಟ್ಟಾಗಿ ಶುರುವಾಗುವ ಹಾದಿ ವಾಲುತ್ತಾ ವಾಲುತ್ತಾ ಅಲಬಾಮಾದ ಟಲಡೀಗಾ ಟ್ರ್ಯಾಕಿನ 33 ಡಿಗ್ರಿಯ ಓರೆಯನ್ನು ತಲುಪುತ್ತದೆ. ಷಾರ್ಲೆಟ್ ಟ್ರ್ಯಾಕಿನ ತಿರುವುಗಳು 24 ಡಿಗ್ರಿಯಷ್ಟು ಓರೆಯಾಗಿವೆ. ಟಿವಿಯಲ್ಲಿ ಚಪ್ಪಟೆಯಾಗಿ ಕಾಣುವ ಆ ಓರೆಯ ಪಕ್ಕದಲ್ಲಿ ನಿಂತಾಗಲೇ, ಅಷ್ಟು ವೇಗದಲ್ಲಿ ಕಾರು ಹೊರಕ್ಕೆ ಜಾರದೆ ಹೇಗೆ ತಿರುಗುತ್ತದೆಂಬುದು ಮಗುವಿಗೂ ಅರ್ಥವಾಗುತ್ತದೆ.

ಶನಿವಾರದ ಕಿರಿಯ ಸರಣಿಯ ರೇಸ್ ಮತ್ತು ಅಭ್ಯಾಸದ ಓಟಗಳನ್ನೂ ತಪ್ಪಿಸಬೇಡಿ. ಭಾನುವಾರದ ಕಥೆ ಎಷ್ಟೋ ಸಲ ಶನಿವಾರವೇ ಆರಂಭವಾಗಿರುತ್ತದೆ. 2025ರಲ್ಲಿ ಚಾಲಕ ರಾಸ್ ಚಾಸ್ಟೇನ್ ಅವರ ಕಾರು ಅಭ್ಯಾಸದಲ್ಲೇ ಜಖಂಗೊಂಡು, ತಂಡದವರು ರಾತ್ರಿಯಿಡೀ ದುಡಿದು ಬದಲಿ ಕಾರನ್ನು ಸಿದ್ಧಪಡಿಸಿದರು. ಮರುದಿನ ಎಲ್ಲರಿಗಿಂತ ಹಿಂದಿನಿಂದ ಹೊರಟ ಅವರೇ ಗೆದ್ದರು. ಶನಿವಾರ ಆ ಕಾರಿನ ಗತಿಯನ್ನು ಕಣ್ಣಾರೆ ಕಂಡವರಿಗೆ ಭಾನುವಾರದ ಕೊನೆಯ ಸುತ್ತುಗಳು ಹೇಗಿದ್ದಿರಬೇಕು!

ಇನ್ನು ಭಾನುವಾರದ ರೇಸ್. 600 ಮೈಲಿ ಎಂದರೆ ಹತ್ತಿರಹತ್ತಿರ ಬೆಂಗಳೂರಿನಿಂದ ಮುಂಬೈಗಿರುವ ದೂರ. 400 ಸುತ್ತು, ನಾಲ್ಕು ಗಂಟೆಗೂ ಮೀರಿದ ಆಟ. ಸಂಜೆ ಆರರ ಸುಮಾರಿಗೆ ಬಿಸಿಲಿನಲ್ಲಿ ಶುರುವಾಗಿ ದೀಪದ ಬೆಳಕಿನಲ್ಲಿ ಮುಗಿಯುತ್ತದೆ. ಕತ್ತಲಾದಂತೆ ಟ್ರ್ಯಾಕ್ ತಣ್ಣಗಾಗುವುದರಿಂದ ಟೈರಿನ ಹಿಡಿತ ಬದಲಾಗುತ್ತದೆ, ಸಂಜೆ ಚೆನ್ನಾಗಿ ಓಡಿದ ಕಾರು ರಾತ್ರಿ ಮುಗ್ಗರಿಸುತ್ತದೆ. ಇದನ್ನು ಅನುಸರಿಸುವ ಉಪಾಯ ಒಂದೇ: ಮನೆಯಲ್ಲೇ ತಲೆಗೊಬ್ಬ ಚಾಲಕನನ್ನು ಆರಿಸಿಕೊಂಡು, ಸ್ಕ್ಯಾನರ್ ಬಾಡಿಗೆಗೆ ಪಡೆದು, ಆ ಚಾಲಕ ಮತ್ತು ಅವನ ತಂಡದ ಮುಖ್ಯಸ್ಥ ರೇಡಿಯೊದಲ್ಲಿ ಆಡುವ ಮಾತನ್ನು ಕೇಳುತ್ತಾ ಕೂರುವುದು. ‘ಟೈಟ್’ ಎಂದರೆ ಮುಂದಿನ ಚಕ್ರಗಳು ತಿರುಗಲು ಒಲ್ಲೆನ್ನುತ್ತಿವೆ, ‘ಲೂಸ್’ ಎಂದರೆ ಹಿಂಭಾಗ ಜಾರುತ್ತಿದೆ. ಈ ಎರಡು ಪದ ಗೊತ್ತಿದ್ದರೆ ಮುಂದಿನ ಪಿಟ್‌ನಲ್ಲಿ ಏನು ಮಾಡಿಯಾರೆಂದು ನಿಮ್ಮ ತಂದೆಯವರೇ ಊಹಿಸಬಲ್ಲರು. ಮರುದಿನ ಅಮೆರಿಕದ ಹುತಾತ್ಮ ಯೋಧರ ಸ್ಮರಣೆಯ ದಿನವಾದ್ದರಿಂದ, ಅರ್ಧ ದೂರ ಮುಗಿದಾಗ ಕಾರುಗಳೆಲ್ಲ ಪಿಟ್ ಹಾದಿಯಲ್ಲಿ ನಿಂತು, ಇಂಜಿನ್ ಆರಿಸಿ, ಮೌನ ಆಚರಿಸುತ್ತವೆ. ಅಷ್ಟು ಹೊತ್ತು ಕಿವಿಗಡಚಿಕ್ಕಿದ ಸದ್ದು ಒಮ್ಮೆಲೇ ನಿಂತಾಗ ಆ ಜನಸಾಗರದ ನಡುವೆ ಮೈ ಜುಮ್ಮೆನ್ನುತ್ತದೆ. ಆ ಹೊತ್ತಿಗೆ ತಿಂಡಿ ತರಲೆಂದು ಎದ್ದು ಹೋಗಬೇಡಿ.

ಊಟದ ಚಿಂತೆ ಬೇಡ. ಅಲ್ಲಿ ಮಾರುವುದು ಹೆಚ್ಚಾಗಿ ಮಾಂಸದ ತಿನಿಸೇ ಆದರೂ, ಹೊರಗಿನ ಆಹಾರ, ನೀರು ಒಳಗೆ ತರಲು ನ್ಯಾಸ್ಕಾರ್ ಟ್ರ್ಯಾಕ್‌ಗಳು ಸಾಮಾನ್ಯವಾಗಿ ಬಿಡುತ್ತವೆ. ಗಾಜಿನ ಬಾಟಲಿ ಮಾತ್ರ ನಿಷಿದ್ಧ. ಮೆತ್ತನೆಯ ಸಣ್ಣ ಕೂಲರ್ ಚೀಲದಲ್ಲಿ ಪುಳಿಯೋಗರೆ, ಚಪಾತಿ, ಮೊಸರನ್ನ ಧಾರಾಳವಾಗಿ ಹಿಡಿಯುತ್ತವೆ. ಚೀಲದ ಅಳತೆಯ ನಿಯಮವನ್ನು ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಮಗನ ಕಿವಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಲವತ್ತರಷ್ಟು ಕಾರುಗಳು ಒಟ್ಟಿಗೆ ಹೊರಟಾಗಿನ ಸದ್ದು ಎದೆಯೊಳಗೆ ಬಡಿಯುತ್ತದೆ, ಅದು ಕಿವಿಗೆ ನಿಜವಾಗಿ ಹಾನಿ ಮಾಡಬಲ್ಲದು. ಹತ್ತಿ ತುರುಕಿದರೆ ಸಾಲದು. ಮಗುವಿನ ತಲೆಗೆ ಸರಿಹೊಂದುವ, ಇಡೀ ಕಿವಿ ಮುಚ್ಚುವ ಇಯರ್ ಮಫ್ ಮೊದಲೇ ಕೊಂಡು, ಮನೆಯಲ್ಲಿ ಒಂದೆರಡು ದಿನ ಹಾಕಿಸಿ ರೂಢಿ ಮಾಡಿಸಿ. ತಂದೆಯವರಿಗೂ ಒಂದು ಜೊತೆ ಕೊಳ್ಳಿ; ಡಿಪೊದ ಸದ್ದು ಕೇಳಿ ಅಭ್ಯಾಸವಿದೆ ಎಂದು ಅವರು ಬೇಡವೆಂದರೂ ಬಿಡಬೇಡಿ.

ಮತ್ತೊಬ್ಬ ಓದುಗರ ಪ್ರಶ್ನೆ: 2024ರಲ್ಲಿ ಇದೇ ರೇಸ್‌ಗೆ ಹೋಗಿದ್ದಾಗ ಮಳೆ ಬಂದು ಅರ್ಧಂಬರ್ಧ ನೋಡಿ ಮರಳಿದೆವು. ಮತ್ತೆ ಹೋಗುವುದಾದರೆ ಏನು ಮಾಡಬೇಕು?

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಇಂಥ ವೇಗದ ಓವಲ್ (ಅಂಡಾಕಾರದ) ಟ್ರ್ಯಾಕಿನಲ್ಲಿ ನೆಲ ಒದ್ದೆಯಿದ್ದರೆ ರೇಸ್ ನಡೆಸುವುದಿಲ್ಲ. ಅರ್ಧ ದೂರ ದಾಟಿದ ಮೇಲೆ ನಿಂತುಹೋದರೆ ಅಲ್ಲಿಗೇ ಫಲಿತಾಂಶ ಘೋಷಿಸಬಹುದು. ಆ ವರ್ಷ 249 ಸುತ್ತಿಗೆ ಕ್ರಿಸ್ಟೋಫರ್ ಬೆಲ್ ಗೆದ್ದದ್ದು ಹಾಗೆಯೇ. 2023ರಲ್ಲಿ ಮಾತ್ರ ಭಾನುವಾರ ಮಳೆ ಬಿಡದೆ ಸುರಿದುದರಿಂದ ರೇಸ್ ಸೋಮವಾರ ನಡೆಯಿತು. ಸೋಮವಾರ ಹೇಗೂ ರಜೆ, ಆದ್ದರಿಂದ ಮರಳುವ ವಿಮಾನವನ್ನು ಮಂಗಳವಾರ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮಳೆ ಬರದಿದ್ದರೂ ಆ ಒಂದು ರಾತ್ರಿ ವ್ಯರ್ಥವಲ್ಲ. ರೇಸ್ ಮುಗಿಯುವಾಗ ರಾತ್ರಿ ಬಹಳ ಹೊತ್ತಾಗಿರುತ್ತದೆ, ವಾಹನ ನಿಲ್ದಾಣದಿಂದ ಹೆದ್ದಾರಿ ಸೇರಲು ಇನ್ನೂ ಗಂಟೆಗಟ್ಟಲೆ ಹಿಡಿಯಬಹುದು, ನಿದ್ದೆಗೆಟ್ಟ ಮಕ್ಕಳನ್ನು ಬೆಳಗಿನ ವಿಮಾನಕ್ಕೆ ಎಬ್ಬಿಸುವುದು ಯಾರಿಗೂ ಬೇಡ. ರೇಸ್ ಮುಗಿದ ಬಾವುಟ ಬಿದ್ದ ಕೂಡಲೇ ಓಡದೆ, ಉಳಿದ ಚಪಾತಿ ಬಿಚ್ಚಿಕೊಂಡು ಸ್ಟ್ಯಾಂಡಿನಲ್ಲೇ ಸ್ವಲ್ಪ ಹೊತ್ತು ಕುಳಿತಿದ್ದು ಹೊರಡಿ.