ಕಲಬುರಗಿಯಲ್ಲಿ ನಾಸ್ತಿಕರ ದಿನ ಯಾವತ್ತು?

ನಿಮ್ಮ ಪ್ರಶ್ನೆ ಹೀಗಿದೆ: "ನಾಸ್ತಿಕರಿಗೆ ಅಂತ ವರ್ಷಕ್ಕೊಂದು ದಿನ ಇದೆಯಂತೆ, ಅದು ಯಾವಾಗ? ನಾನು ಹೊಸದಾಗಿ ಕಲಬುರಗಿಗೆ ಬಂದಿದ್ದೇನೆ. ಇಲ್ಲಿ ಅದನ್ನು ಆಚರಿಸಿದರೆ ಜನ ಏನಂದಾರು?"

ಒಂದೇ ದಿನ ಅಂತಿಲ್ಲ. ಆಸ್ತಿಕರಿಗೆ ಏಕಾದಶಿ ಯಾವತ್ತು ಅಂತ ಜಗಳ ಇರುವ ಹಾಗೆ ನಮ್ಮಲ್ಲೂ ದಿನದ ಜಗಳ ಇದೆ. ಮಾರ್ಚ್ 23ನ್ನು 2019ರಿಂದ ಕೆಲವು ಅಂತರರಾಷ್ಟ್ರೀಯ ಗುಂಪುಗಳು ನಾಸ್ತಿಕರ ದಿನ ಅಂತ ಆಚರಿಸುತ್ತಿವೆ. ಕೆಲವು ದೇಶಗಳಲ್ಲಿ ಧರ್ಮ ಬಿಟ್ಟೆ ಅಂದರೆ ಮರಣದಂಡನೆಯ ಕಾನೂನೇ ಇದೆ. ಅಲ್ಲಿ ಬಾಯಿ ಮುಚ್ಚಿಕೊಂಡು ಬದುಕುವವರಿಗೆ ನೀವು ಒಬ್ಬರೇ ಅಲ್ಲ ಅಂತ ಹೇಳುವುದು ಅದರ ಉದ್ದೇಶ. ನಮ್ಮ ದೇಶದಲ್ಲಿ ಅದೇ ಮಾರ್ಚ್ 23 ಭಗತ್ ಸಿಂಗ್ ಅವರನ್ನು 1931ರಲ್ಲಿ ಗಲ್ಲಿಗೇರಿಸಿದ ದಿನ. ತಾನೇಕೆ ನಾಸ್ತಿಕ ಎಂಬ ಅವರ ಬರಹ ಜೈಲಿನಲ್ಲೇ ಹುಟ್ಟಿದ್ದು. ಅಹಂಕಾರದಿಂದ ದೇವರನ್ನು ಬಿಟ್ಟಿದ್ದಾನೆ ಅಂದ ಗೆಳೆಯರಿಗೆ ಕೊಟ್ಟ ಉತ್ತರ ಅದು. ಆ ಮಾತು ಇವತ್ತಿಗೂ ನಾಸ್ತಿಕರ ಬೆನ್ನು ಬಿಟ್ಟಿಲ್ಲ ನೋಡಿ. ಏಪ್ರಿಲ್ 1 ಅನ್ನೋದು ಮಾತ್ರ ನಮ್ಮನ್ನು ಮೂರ್ಖರು ಅನ್ನೋಕೆ ಯಾರೋ ಹುಟ್ಟಿಸಿದ ತಮಾಷೆ.

ನನಗೆ ಜಾಸ್ತಿ ಇಷ್ಟವಾದದ್ದು ಅಕ್ಟೋಬರ್ 12, ಮುಕ್ತ ಚಿಂತನೆಯ ದಿನ. ಅಮೆರಿಕದ ಸೇಲಂ ಊರಿನಲ್ಲಿ 1692ರಲ್ಲಿ ಕೆಲವು ಹುಡುಗಿಯರಿಗೆ ಮೈಮೇಲೆ ಬಂದ ಹಾಗೆ ಆಗತೊಡಗಿತು. ಮಾಟ ಮಾಡಿದ್ದಾರೆ ಅಂತ ಒಬ್ಬೊಬ್ಬರ ಹೆಸರು ಹೇಳಿದರು. "ಅವಳ ರೂಪ ನನ್ನ ಹತ್ತಿರ ಬಂದು ಕುತ್ತಿಗೆ ಹಿಸುಕಿತು" ಅಂದರೆ ಸಾಕು, ಕೋರ್ಟು ಅದನ್ನೇ ಸಾಕ್ಷಿ ಅಂತ ಒಪ್ಪುತ್ತಿತ್ತು. ಆ ಹೊತ್ತಿಗೆ ಅವಳು ತನ್ನ ಮನೆಯಲ್ಲಿ ಮಲಗಿದ್ದಳು ಅಂದರೂ ಕೇಳುವವರಿಲ್ಲ, ಬಂದದ್ದು ರೂಪ ತಾನೇ! 19 ಜನರನ್ನು ನೇಣಿಗೆ ಹಾಕಿದರು. ಕೊನೆಗೆ ಗವರ್ನರ್ ವಿಲಿಯಂ ಫಿಪ್ಸ್ ಇನ್ನು ಹೀಗೆ ಜನರನ್ನು ಜೈಲಿಗೆ ಹಾಕುವಂತಿಲ್ಲ ಅಂತ ತಡೆದು, ಆ ವಿಷಯವನ್ನು ಇಂಗ್ಲೆಂಡಿಗೆ ಬರೆದ ಪತ್ರದ ತಾರೀಖು ಅಕ್ಟೋಬರ್ 12. ಆಮೇಲೆ ಬಂದ ಹೊಸ ಕೋರ್ಟಿನಲ್ಲಿ ಅಂಥ ಸಾಕ್ಷಿಗೆ ಬೆಲೆ ಇರಲಿಲ್ಲ, ಹೆಚ್ಚಿನವರು ಬಿಡುಗಡೆಯಾದರು. ಫಿಪ್ಸ್ ನಾಸ್ತಿಕನೇನಲ್ಲ. ಸಾಕ್ಷಿ ಅಂದರೆ ಏನು ಅನ್ನುವ ಪ್ರಶ್ನೆಗೆ ಆ ದಿನ ಒಂದು ಉತ್ತರ ಸಿಕ್ಕಿತು, ಅದಕ್ಕೇ ಅದು ಮುಖ್ಯ.

ಇದನ್ನು ಇಷ್ಟು ಉದ್ದ ಹೇಳಿದ್ದು ಸುಮ್ನೆ ಅಲ್ಲ. ನೀವು ಬಂದಿರುವುದು ಬಾನಾಮತಿಯ, ಅಂದರೆ ಮಾಟದ ಭಯದ ಸೀಮೆಗೆ. ಕಲಬುರಗಿ, ಬೀದರ್, ಗಡಿಯಾಚೆಯ ತೆಲಂಗಾಣ, ಎಲ್ಲ ಕಡೆ ಈ ಹೆಸರು ಕೇಳಿಬರುತ್ತದೆ. ರಾತ್ರಿ ಮನೆಯ ಮೇಲೆ ಕಲ್ಲು ಬೀಳುವುದು, ಗಳದ ಮೇಲಿನ ಸೀರೆಗೆ ತಾನಾಗಿ ಬೆಂಕಿ ಹತ್ತುವುದು, ಚೆನ್ನಾಗಿದ್ದ ಹೆಣ್ಣುಮಗಳು ನಾಯಿಯಂತೆ ಬೊಗಳುವುದು. ಹೀಗಾದಾಗ ಮುಂದಿನ ಪ್ರಶ್ನೆ "ಮಾಡಿಸಿದವರು ಯಾರು?" ಬೆರಳು ಹೋಗುವುದು ಹೆಚ್ಚಾಗಿ ಬಡವರ ಕಡೆಗೆ, ಒಂಟಿ ಮುದುಕಿಯ ಕಡೆಗೆ. ಮಂತ್ರ ಸರಿಯಾಗಿ ಹೇಳಲಿಕ್ಕೆ ಬರಬಾರದು ಅಂತ ಆರೋಪ ಬಂದವರ ಹಲ್ಲು ಕಿತ್ತ ಘಟನೆಗಳೂ ಆಗಿವೆ. ಸೇಲಂಗೂ ಇದಕ್ಕೂ ಏನು ಫರಕು ಹೇಳಿ? ನಾನು ಚಿಂಚೋಳಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ಕ್ಲಾಸಿನ ಹುಡುಗರಿಗೆ ಸೇಲಂ ಕಥೆಯನ್ನು ಊರ ಹೆಸರು ಬಿಟ್ಟು ಹೇಳಿದರೆ, "ಇದು ಯಾವ ತಾಲೂಕು ಸರ್?" ಅಂತ ಕೇಳುತ್ತಾರೆ.

ನಮ್ಮ ರಾಜ್ಯದಲ್ಲಿ ವಾಮಾಚಾರ ತಡೆಯುವ ಕಾನೂನು 2017ರಲ್ಲಿ ಪಾಸಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಶಿಕ್ಷೆ 1ರಿಂದ 7 ವರ್ಷ. ಹಾಗಾಗಿ ಅಕ್ಟೋಬರ್ 12ರಂದು ಏನಾದರೂ ಮಾಡಬೇಕು ಅನ್ನಿಸಿದರೆ, ನಾಲ್ಕು ಜನ ಕೂಡಿ ಆ ಕಾನೂನನ್ನು ಸರಳ ಮಾತಿನಲ್ಲಿ ಓದಿ ಹೇಳಿ. ದೇವರ ಸುದ್ದಿಯೇ ಬೇಡ.

ಇನ್ನು ಜನ ಏನಂದಾರು ಅನ್ನುವುದು. ಬೈಯುವವರು ಕಡಿಮೆ, ಕಾಲೆಳೆಯುವವರು ಜಾಸ್ತಿ. ಹೋಳಿಯಾದ ಐದನೇ ದಿನ ಶರಣಬಸವೇಶ್ವರರ ತೇರು. ನಾನೂ ಹೋಗುತ್ತೇನೆ, ಬೆಂಡು ಬತ್ತಾಸು ಕೊಳ್ಳುತ್ತೇನೆ. "ದೇವರಿಲ್ಲ ಅಂತೀ, ಜಾತ್ರಿಗಿ ಯಾಕ ಬರ್ತೀಯೋ ತಮ್ಮಾ?" ಅಂತ ನಮ್ಮ ದೊಡ್ಡವ್ವ ವರ್ಷಾ ಕೇಳುತ್ತಾಳೆ. ಕೇಳಿ ತಾನೇ ಕೈಗೆ ಪ್ರಸಾದ ಇಡುತ್ತಾಳೆ. ನಾನು ತಿನ್ನುತ್ತೇನೆ. ಇದರಲ್ಲಿ ನನಗೇನೂ ವಿರೋಧ ಕಾಣುವುದಿಲ್ಲ.

ಆದರೆ ಎರಡು ಎಚ್ಚರ ಇರಲಿ. ದೇವರನ್ನು ನಂಬದೆ ಇರುವುದು ನಿಮ್ಮ ಹಕ್ಕು, ಸಂವಿಧಾನದ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಅದೂ ಬರುತ್ತದೆ. ಬೇಕಂತಲೇ ಇನ್ನೊಬ್ಬರ ಧರ್ಮವನ್ನು ಅವಮಾನಿಸಿದರೆ ಮಾತ್ರ ಮೂರು ವರ್ಷದವರೆಗೆ ಜೈಲು ಇದೆ. ಹಳೆಯ ದಂಡ ಸಂಹಿತೆಯ 295ಎ ಸೆಕ್ಷನ್ ಈಗ ಹೊಸ ನ್ಯಾಯ ಸಂಹಿತೆಯ 299 ಆಗಿದೆ. ವಾಟ್ಸ್ಆ್ಯಪ್ ಸ್ಟೇಟಸ್ ಹಾಕುವ ಮುಂಚೆ ನೆನಪಿರಲಿ. ಎರಡನೆಯದು, ಬಸವಕಲ್ಯಾಣ ಪಕ್ಕದಲ್ಲೇ ಇದೆ ಅಂತ ಬಸವಣ್ಣನವರನ್ನು ನಾಸ್ತಿಕರ ಪಟ್ಟಿಗೆ ಸೇರಿಸಬೇಡಿ. ಕಲ್ಲಿನ ಹಾವಿಗೆ ಹಾಲೆರೆಯುವುದನ್ನು ಅವರು ಪ್ರಶ್ನಿಸಿದ್ದು ನಿಜ. ಆ ವಚನದ ಕೊನೆಗೂ ಅವರ ದೇವರು ಕೂಡಲಸಂಗನ ಹೆಸರೇ ಇದೆ. ಇಲ್ಲಿನ ಜನಕ್ಕೆ ವಚನ ಬಾಯಿಪಾಠ, ತಕ್ಷಣ ಹಿಡಿಯುತ್ತಾರೆ.

ನನ್ನನ್ನು ಕೇಳಿದರೆ ಕಲಬುರಗಿಗೆ ಸರಿಯಾದ ದಿನ ಈ ಯಾವ ತಾರೀಖೂ ಅಲ್ಲ, ಗ್ರಹಣದ ದಿನ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಇಲ್ಲೇ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ತಿಪ್ಪೆಗುಂಡಿಯಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಅಂಗವೈಕಲ್ಯ ಹೋಗುತ್ತದೆ ಅನ್ನುವ ನಂಬಿಕೆ. ಟಿವಿಯಲ್ಲಿ ನೋಡಿದವರು ಆ ತಾಯಂದಿರನ್ನು ಬೈದರು. ನನಗೆ ಬೈಯಲು ಮನಸ್ಸು ಬರಲಿಲ್ಲ. ಹಳ್ಳಿಯಲ್ಲಿ ಅಂಥ ಮಗುವಿಗೆ ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ? ಬೇರೆ ದಾರಿ ಕಾಣದವರಿಗೆ ತಿಪ್ಪೆಗುಂಡಿಯೇ ಆಸ್ಪತ್ರೆ. "ದೇವರಿಲ್ಲ" ಅಂತ ಅವರಿಗೆ ಹೇಳಿ ಏನು ಉಪಯೋಗ? ಅಂಗವಿಕಲರ ಪಿಂಚಣಿ ಅರ್ಜಿ ತುಂಬಿಕೊಡಿ, ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ಅವಕಾಶ 2027ರ ಆಗಸ್ಟ್ 2, ಸೋಮವಾರ. ಸಂಜೆ ನಮ್ಮಲ್ಲಿ ಸೂರ್ಯನ ಸ್ವಲ್ಪ ಭಾಗ ಮುಚ್ಚುತ್ತದೆ. ಬರಿಗಣ್ಣಿನಲ್ಲಿ ನೋಡಬೇಡಿ, ಹಳೆಯ ಎಕ್ಸ್‌ರೇ ಫಿಲ್ಮ್ ಕೂಡ ಬೇಡ. ಮನೆಯ ಜರಡಿಯನ್ನು ಬಿಸಿಲಿಗೆ ಹಿಡಿದು ಬಿಳಿ ಗೋಡೆಯ ಮೇಲೆ ಬೆಳಕು ಬಿಟ್ಟರೆ, ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ ಕಾಣುತ್ತಾನೆ. ಓಣಿಯ ಮಕ್ಕಳನ್ನು ಕರೆಯಿರಿ, ಅವರ ಅವ್ವಂದಿರನ್ನೂ ಕರೆಯಿರಿ. ಗ್ರಹಣ ನಡೆಯುತ್ತಿರುವಾಗಲೇ ಎಲ್ಲರಿಗೂ ಸುಸಲಾ, ಮಿರ್ಚಿ ಭಜಿ ಹಂಚಿ, ಮೊದಲು ನೀವೇ ತಿನ್ನಿ. ಮಳೆಗಾಲ, ಮೋಡ ಮುಚ್ಚಿದರೆ ಮಾತ್ರ ದೇವರೇ ಗತಿ.